ಫಕ್ರುದ್ದೀನ್ ಸಾಹೇಬರ ಉಂಗುರವೂ ಇಟಲಿಯ ಸೈಕಲ್ಲೂ

ಕಡೂರಿನ ಕೊಬ್ಬರಿ ಮಂಡಿಯಲ್ಲಿ ಫಕ್ರುದ್ದೀನ್ ಸಾಹೇಬರ ಬಲಗೈ ಉಂಗುರಕ್ಕೆ ಇದ್ದ ಮರ್ಯಾದೆ ಖುದ್ದು ಫಕ್ರುದ್ದೀನ್ ಸಾಹೇಬರಿಗೂ ಇರಲಿಲ್ಲ. ಬೆಳ್ಳಿಯ ಉಂಗುರ, ಮೇಲೆ ಕಡಲೆಕಾಳಿನಷ್ಟು ದಪ್ಪದ ಕಂದು ಕಲ್ಲು. ಅಟ್ಟದಿಂದ ಇಳಿಸಿ ತಂದ ಒಣಕಾಯಿಯನ್ನು ಎಡಗೈಯಲ್ಲಿ ಹಿಡಿದು, ಉಂಗುರದಿಂದ ಒಂದೇ ಒಂದು ಏಟು ಬಡಿದು ಕಿವಿಗೊಟ್ಟರೆ ಮುಗಿಯಿತು. "ಮೇಲಕ್ಕೆ!" ಎಂದರೆ ಒಳಗಿನ ಕೊಬ್ಬರಿ ಒಂದನೇ ದರ್ಜೆಯದು. "ಎಣ್ಣೆಗೆ!" ಎಂದರೆ ಒಳಗೆ ಕೊಳೆತಿದೆ, ಗಾಣಕ್ಕೆ ಹೋಗಲಿ ಎಂದರ್ಥ. ಆಮೇಲೆ ಒಡೆದು ನೋಡಿದವರು ಬೇಕಾದಷ್ಟು ಜನ. ಮೂವತ್ತು ವರ್ಷಗಳಲ್ಲಿ ಅವರ ಮಾತು ಸುಳ್ಳಾದದ್ದನ್ನು ಕಂಡವರು ಒಬ್ಬರೂ ಇಲ್ಲ.

ಇಂಥ ಕೀರ್ತಿ ಮನುಷ್ಯನನ್ನು ಸುಮ್ಮನೆ ಕೂರಲು ಬಿಡುವುದಿಲ್ಲ. ಸಾಹೇಬರು ಕುಂಬಳಕಾಯಿಗೆ ಬಡಿದರು, ನೀರಿನ ಟ್ಯಾಂಕಿಗೆ ಬಡಿದರು, ಬಾಡಿಗೆಗೆ ಮನೆ ನೋಡಲು ಹೋದಾಗ ಗೋಡೆಗೆ ಬಡಿದು ಮಾಲೀಕನೊಡನೆ ಜಗಳ ತಂದುಕೊಂಡರು. ಹಿರಿಯ ಮಗಳು ಮದೀಹಾಳಿಗೆ ಗಂಡು ನೋಡುವ ದಿನ, ಸಲಾಂ ಮಾಡಲು ಬಗ್ಗಿದ ಬಿಲಾಲನ ಬೆನ್ನಿಗೆ ಉಂಗುರದಿಂದ ಒಂದು ಏಟು ಹಾಕಿ, ಎಲ್ಲರೂ ಗಾಬರಿಯಾಗಿ ನೋಡುತ್ತಿದ್ದಂತೆ "ಮೇಲಕ್ಕೆ!" ಎಂದುಬಿಟ್ಟರು. ಮದುವೆ ಆಗಿಯೇ ಹೋಯಿತು. ಬಿಲಾಲ್ ಲಗೇಜ್ ಆಟೋ ಓಡಿಸುತ್ತಾನೆ, ಮಾವ ಏನು ಹೇಳಿದರೂ "ಹೌದು ಮಾಮು" ಎನ್ನುತ್ತಾನೆ. ನಾಲ್ಕು ವರ್ಷದಲ್ಲಿ ಅವನಿಂದ ಬೇರೆ ಮಾತು ಕೇಳಿದವರಿಲ್ಲ. ಹಾಗಾಗಿ ಉಂಗುರದ ಮೇಲಿನ ನಂಬಿಕೆ ಇನ್ನಷ್ಟು ಬಲಿಯಿತು.

ಕಿರಿಯ ಮಗಳು ಸುಮಯ್ಯ ತರೀಕೆರೆಯ ಕಾಲೇಜಿನಲ್ಲಿ ಬಿ.ಕಾಂ. ಓದುತ್ತಿದ್ದಳು. ಅಲ್ಲಿಯ ದೈಹಿಕ ಶಿಕ್ಷಣದ ಭವ್ಯ ಮೇಡಂ ಕಣ್ಣಿಗೆ ಬಿದ್ದು ಸೈಕಲ್ ರೇಸಿಗೆ ಇಳಿದಿದ್ದಳು. ಕಳೆದ ವರ್ಷ ಕಾಲೇಜಿನ ಹಳೇ ಅಲ್ಯೂಮಿನಿಯಂ ಸೈಕಲ್ಲಿನಲ್ಲೇ ಜಿಲ್ಲಾ ಆಯ್ಕೆಯ ಓಟದಲ್ಲಿ ಐದನೆಯವಳಾಗಿ ಬಂದಳು. ಆಯ್ಕೆಯಾಗುವುದು ನಾಲ್ವರು. ಆವತ್ತು ಕೊನೆಯ ಗೆರೆಯ ಹತ್ತಿರ ಇನ್ನೊಬ್ಬ ಹುಡುಗಿಯ ತಂದೆ, ಕೂಲಿಂಗ್ ಗ್ಲಾಸ್ ಹಾಕಿಕೊಂಡು ನಿಂತಿದ್ದವರು, ಸುಮಯ್ಯಳ ಸೈಕಲ್ಲನ್ನು ಮೇಲಿಂದ ಕೆಳಗೆ ನೋಡಿ "ಪಾಪ" ಎಂದರು.

ಆ ಎರಡಕ್ಷರ ಸಾಹೇಬರ ಎದೆಗೆ ನಾಟಿತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. "ಪಾಪ" ಎಂದವರಿಗೆ ಏನು ಮಾಡುವುದು? ಒಂದು ವರ್ಷ ಆ ಮಾತನ್ನು ನುಂಗಲೂ ಆಗದೆ ಉಗುಳಲೂ ಆಗದೆ ಇಟ್ಟುಕೊಂಡು, ಈ ಸಲದ ಓಟಕ್ಕೆ ಒಂದು ವಾರ ಇರುವಾಗ ಅಜ್ಜಂಪುರದ ಹೊನ್ನೇಶನ ಅಂಗಡಿಗೆ ಹೋದರು.

ಹೊನ್ನೇಶನದು ಹೆಸರಿಗೆ ಮೊಬೈಲ್ ಅಂಗಡಿ. ಒಳಗೆ ಮೊಬೈಲ್ ಬಿಟ್ಟು ಮಿಕ್ಕದ್ದೆಲ್ಲ ಇತ್ತು. ಮೂಲೆಯಲ್ಲಿ ಕಪ್ಪಗೆ ಹೊಳೆಯುತ್ತ ಒಂದು ಸೈಕಲ್ ನಿಂತಿತ್ತು. ಅದರ ಮೈಮೇಲೆ ಕೆಂಪು ಅಕ್ಷರದಲ್ಲಿ "ಟೊರ್ವಿನೋ" ಎಂದು ಬರೆದಿತ್ತು.

"ಇಟಲಿ ಮಾಲು ಸಾಹೇಬ್ರೆ," ಎಂದ ಹೊನ್ನೇಶ. "ಫುಲ್ ಕಾರ್ಬನ್ ಫ್ರೇಮು. ಶೋರೂಮಲ್ಲಿ ಕೇಳಿದ್ರೆ ಕಾರಿನ ರೇಟು ಹೇಳ್ತಾರೆ. ನಮ್ ಕಡೆ ಇದನ್ನ ಗುರ್ತು ಹಿಡಿಯೋರು ಇಲ್ವಲ್ಲ, ಅದಕ್ಕೇ ಮೂಲೇಲಿ ಕೂತೈತೆ."

ಗುರುತು ಹಿಡಿಯುವವರಿಲ್ಲ! ಮೂವತ್ತು ವರ್ಷದ ಉಂಗುರ ಎದುರಿಗಿರುವಾಗ! ಸಾಹೇಬರು ತೋಳು ಮಡಿಸಿ, ಸೀಟಿಗೂ ಹ್ಯಾಂಡಲಿಗೂ ನಡುವೆ ಇರುವ ಕೊಳವೆಯ ಮೇಲೆ, ಸರಿಯಾಗಿ ಮಧ್ಯಕ್ಕೆ, ಒಂದು ಏಟು ಬಡಿದರು. "ಟಣ್" ಎಂದಿತು.

"ಮೇಲಕ್ಕೆ!" ಎಂದರು ಸಾಹೇಬರು.

ತೆಂಗಿನಕಾಯಿಗೆ ಒಂದು ಕಡೆ ಬಡಿದರೆ ಸಾಕು, ಇಡೀ ಕಾಯಿ ಮಾತಾಡುತ್ತದೆ. ಇದು ಮಂಡಿಯ ಶಾಸ್ತ್ರ. ಸೈಕಲ್ಲು ತೆಂಗಿನಕಾಯಿಯಲ್ಲ ಎಂಬ ಸಣ್ಣ ವ್ಯತ್ಯಾಸ ಆ ಹೊತ್ತಿನಲ್ಲಿ ಯಾರ ಗಮನಕ್ಕೂ ಬರಲಿಲ್ಲ. ಸಾಹೇಬರು ತಮ್ಮ ಮೊಪೆಡ್ಡನ್ನು ಹೊನ್ನೇಶನಿಗೆ ಬಿಟ್ಟು, ಕೈಯಲ್ಲಿದ್ದ ಹಣವನ್ನೂ ಕೊಟ್ಟು, ಬಿಲಾಲನ ಆಟೋದಲ್ಲಿ ಇಟಲಿಯನ್ನು ಏರಿಸಿಕೊಂಡು ಕಡೂರಿಗೆ ಬಂದರು.

ಮನೆಯಲ್ಲಿ ಆಡುವ ಮಾತು ದಖನಿ ಉರ್ದು. ಓದುಗರ ಅನುಕೂಲಕ್ಕೆ ಇಲ್ಲಿ ಕನ್ನಡದಲ್ಲಿ ಕೊಟ್ಟಿದೆ. ಮೊಪೆಡ್ ಹೋದ ಸುದ್ದಿ ಕೇಳಿ ಹೆಂಡತಿ ಖುರ್ಷಿದ್ ಬೇಗಂ ಆಡಿದ ಮೊದಲ ಮಾತುಗಳು ಮಾತ್ರ ಅನುವಾದಕ್ಕೆ ಒಗ್ಗದ ಕಾರಣ ಬಿಟ್ಟಿದೆ. ಆಮೇಲೆ ಅವರು ಸೈಕಲ್ಲನ್ನು ಎರಡು ಬೆರಳಲ್ಲಿ ಎತ್ತಿದರು. ಅದು ಎದ್ದೇಬಿಟ್ಟಿತು.

"ಇದ್ರೊಳಗೆ ಏನೂ ಇಲ್ಲ! ಮೊಪೆಡ್ ಕೊಟ್ಟು ಗಾಳಿ ತಂದ್ರಾ?"

"ಹಗುರ ಇದ್ದಷ್ಟೂ ಬೆಲೆ ಜಾಸ್ತಿ ಬೇಗಂ."

"ಹಂಗಾದ್ರೆ ಬರೀ ಕೈಲಿ ಬಂದಿದ್ರೆ ಇನ್ನೂ ಬೆಲೆ ಬರ್ತಿತ್ತು."

ಸುಮಯ್ಯ ಸೈಕಲ್ಲನ್ನು ಬೋರಲು ಹಾಕಿ, ಪೆಡಲ್ ಹತ್ತಿರ ಅಡಿಭಾಗದಲ್ಲಿ ಕೊರೆದಿದ್ದ ನಂಬರನ್ನು ಬಹಳ ಹೊತ್ತು ನೋಡಿದಳು. ಅಪ್ಪನ ಮುಖವನ್ನೂ ನೋಡಿದಳು. ಆ ಮುಖ ಹಬ್ಬದ ದಿನದಂತಿತ್ತು. "ಚೆನ್ನಾಗಿದೆ ಅಬ್ಬಾ" ಎಂದಳು.

ಅಷ್ಟರಲ್ಲಿ ಪಕ್ಕದ ಮನೆಯ ರೇವಣಪ್ಪ ಬಂದರು. ಗ್ರಾಮ ಲೆಕ್ಕಿಗರಾಗಿ ನಿವೃತ್ತರಾದವರು. ಕೆಲಸ ಅವರನ್ನು ಬಿಟ್ಟಿತ್ತು, ಅವರು ಕೆಲಸವನ್ನು ಬಿಟ್ಟಿರಲಿಲ್ಲ.

"ಅಸಲಿ ಅಂತ ಬಾಯಲ್ಲಿ ಹೇಳಿದ್ರೆ ಆಯ್ತೇನ್ರೀ ಸಾಹೇಬ್ರೆ? ಮೂಲ ಖಾತೆದಾರ ಯಾರು? ಇಟಲಿಯೋನಿಂದ ಹೊನ್ನೇಶಂಗೆ ಯಾವ ದಾಖಲೆ ಮೇಲೆ ಬಂತು? ಪಹಣಿ ಇಲ್ಲದ ಜಮೀನೂ ಒಂದೇ, ಇದೂ ಒಂದೇ."

"ಉಂಗುರ ಹೇಳಿದೆ ರೇವಣಪ್ಪನೋರೆ. ಅದಕ್ಕಿಂತ ದಾಖಲೆ ಬೇಕಾ?"

"ಉಂಗುರಕ್ಕೆ ಸೀಲ್ ಇಲ್ಲ" ಎಂದು ರೇವಣಪ್ಪ ಕಾಫಿಗೆ ಕೂತರು.

ಮಾರನೆಯ ದಿನ ತರೀಕೆರೆಯ ಕಾಲೇಜು ಮೈದಾನದಲ್ಲಿ ಭವ್ಯ ಮೇಡಂ ಕೂಡ ಆ ನಂಬರನ್ನೇ ನೋಡಿದರು. ನೋಡಿ, ಮೊಬೈಲ್ ತೆಗೆದು ಏನೋ ಹುಡುಕಿ, ಸಾಹೇಬರ ಮುಂದೆ ಹಿಡಿದರು.

"ಸರ್, ಒಂದು ಫ್ರೇಮಿಗೆ ಒಂದು ನಂಬರ್ ಇರುತ್ತೆ. ಇದೇ ನಂಬರ್ ಹನ್ನೊಂದು ಸೈಕಲ್ಲಿಗಿದೆ, ನೋಡಿ."

"ಒಳ್ಳೇ ನಂಬರ್ ಇರ್ಬೇಕು ಮೇಡಂ. ಎಲ್ಲರೂ ಕೇಳಿ ಹಾಕಿಸ್ಕೊಂಡಿದಾರೆ."

ಭವ್ಯ ಮೇಡಂ ನಗಲಿಲ್ಲ. "ಇದು ಡೂಪ್ಲಿಕೇಟ್ ಸರ್. ಹೊರಗಡೆ ಬಣ್ಣ ಒಂದೇ ಥರ. ಅಸಲಿಯಲ್ಲಿ ಕಾರ್ಬನ್ ಬಟ್ಟೆನ ಪದರ ಪದರವಾಗಿ ಒತ್ತಿ ಕೂರಿಸಿರ್ತಾರೆ. ಇದರಲ್ಲಿ ಒಳಗೆ ಎಲ್ಲಿ ಪೊಳ್ಳು ಇದೆಯೋ ಗೊತ್ತಾಗಲ್ಲ. ಇಳಿಜಾರಲ್ಲಿ ಬ್ರೇಕ್ ಹಿಡಿದ್ರೆ ಹ್ಯಾಂಡಲ್ ಕೆಳಗೆ ಕಟ್ ಅಂದ್ಬಿಡುತ್ತೆ. ನಮ್ಮ ಹಳೇ ಸೈಕಲ್ಲೇ ಇದೆಯಲ್ಲ, ಅದರಲ್ಲೇ ಓಡಿಸ್ಲಿ."

"ಹಳೇ ಸೈಕಲ್ಲಾ?" ಸಾಹೇಬರ ಕಿವಿಯಲ್ಲಿ "ಪಾಪ" ಎಂಬುದು ಮತ್ತೆ ಮೊಳಗಿತು. "ಮೇಡಂ, ಮೂವತ್ತು ವರ್ಷದಿಂದ ಒಳಗಿರೋದನ್ನ ಹೊರಗಿನಿಂದ ಹೇಳ್ತಾ ಬಂದಿರೋನು ನಾನು."

"ಹಾಗಾದ್ರೆ ಕೇಳಿ. ಫಾರಂ ಮೇಲೆ ಪೋಷಕರ ಸಹಿ ಬೇಕು. 'ಈ ಸೈಕಲ್ಲನ್ನು ಖುದ್ದಾಗಿ ಪರೀಕ್ಷಿಸಿದ್ದೇನೆ, ಸುರಕ್ಷಿತವಾಗಿದೆ' ಅಂತ. ಭಾನುವಾರ ಓಟದ ದಿನ ನೀವು ಸಹಿ ಹಾಕಿದ್ರೆ ನಿಯಮದ ಪ್ರಕಾರ ನಾನು ತಡೆಯೋಕಾಗಲ್ಲ. ಆದ್ರೆ ಹತ್ತೋಳು ನಿಮ್ಮ ಮಗಳು."

ವಾಪಸ್ ಬರುವಾಗ ರೈಲಿನಲ್ಲಿ ಸುಮಯ್ಯ ಮೆಲ್ಲಗೆ, "ನನಗೆ ಹಳೇದೇ ಸಾಕು ಅಬ್ಬಾ" ಎಂದಳು. ಸಾಹೇಬರು ಕಡೂರಲ್ಲಿ ಇಳಿದು ಮನೆಗೂ ಹೋಗದೆ ನೇರ ಮಂಡಿಗೆ ಹೋಗಿ, ಎಲ್ಲರ ಎದುರಿಗೆ ಕೈ ಎತ್ತಿ ಘೋಷಿಸಿದರು: "ನನ್ನ ಸೈಕಲ್ ಅಸಲಿ. ಭಾನುವಾರದೊಳಗೆ ಸಾಬೀತು ಮಾಡ್ತೀನಿ. ಮಾಡದೆ ಹೋದ್ರೆ ಈ ಉಂಗುರ ಬಿಚ್ಚಿಡ್ತೀನಿ!"

ಯಾರೂ ಕೇಳದೆ ಇಂಥ ಶಪಥ ಮಾಡುವವರು ಪುರಾಣದಲ್ಲಿ ಬಿಟ್ಟರೆ ಕಡೂರಿನಲ್ಲೇ.

ಸಾಬೀತು ಮಾಡುವುದು ಹೇಗೆ ಎಂಬ ಪ್ರಶ್ನೆ ಆಮೇಲೆ ಬಂತು. ಅದನ್ನು ರೇವಣಪ್ಪ ವಹಿಸಿಕೊಂಡರು. ಮೂರು ಪುಟದ ಅರ್ಜಿ ತಯಾರಾಯಿತು. "ಸದರಿ ದ್ವಿಚಕ್ರದ ಅಸ್ಥಿಪಂಜರವು ಇಟಲಿ ದೇಶದ ಮೂಲನಿವಾಸಿಯಾಗಿದ್ದು, ಹಾಲಿ ಕಡೂರು ಕಸಬಾದಲ್ಲಿ ವಾಸವಾಗಿರುತ್ತದೆ" ಎಂದು ಶುರುವಾಗಿ, "ಸ್ಥಳ ತನಿಖೆ ಮಾಡಿ ಅಸಲಿ ದೃಢೀಕರಣ ಪತ್ರ ದಯಪಾಲಿಸಬೇಕು" ಎಂದು ಮುಗಿಯಿತು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಕೂತಿದ್ದ ಹುಡುಗಿ ಅದನ್ನು ಪೂರ್ತಿ ಓದಿದಳು. ಬಹಳ ಸಭ್ಯ ಹುಡುಗಿ.

"ಸರ್, ಜಾತಿದು ಕೊಡ್ತೀವಿ, ಆದಾಯದ್ದು ಕೊಡ್ತೀವಿ, ವಾಸಸ್ಥಳದ್ದು ಕೊಡ್ತೀವಿ. ಅಸಲಿದು ಕಂಪ್ಯೂಟರಲ್ಲೇ ಬರಲ್ಲ."

"ವಾಸಸ್ಥಳದ್ದೇ ಕೊಡಮ್ಮ" ಎಂದರು ರೇವಣಪ್ಪ. "ಸದ್ಯಕ್ಕೆ ಅಷ್ಟಾದ್ರೂ ಆಗ್ಲಿ."

"ಹತ್ತು ವರ್ಷದಿಂದ ಇಲ್ಲೇ ಇರಬೇಕು ಸರ್. ಸೈಕಲ್ ಬಂದು ಎಷ್ಟು ದಿನ ಆಯ್ತು?"

"ಮೂರು" ಎಂದರು ಸಾಹೇಬರು. ಹಿಂದೆ ಸೈಕಲ್ ಹೊತ್ತು ನಿಂತಿದ್ದ ಬಿಲಾಲ್ "ಹೌದು ಮಾಮು" ಎಂದು ಸಾಕ್ಷಿ ಹೇಳಿದ.

ಅಲ್ಲಿಂದ ನೋಟರಿಯ ಬಳಿ ಹೋಗಿ ಛಾಪಾ ಕಾಗದದ ಮೇಲೆ ಪ್ರಮಾಣಪತ್ರ ಮಾಡಿಸಿದರು. ಅದರ ಫೋಟೋ ಭವ್ಯ ಮೇಡಂಗೆ ಹೋಯಿತು. "ಛಾಪಾ ಕಾಗದ ಅಸಲಿ ಸರ್, ಒಪ್ತೀನಿ" ಎಂದು ಅವರಿಂದ ಉತ್ತರ ಬಂತು.

ಈ ನಡುವೆ ಮಂಡಿ ಮಾಲೀಕ ಚೌಡಪ್ಪ ವಿಷಯವನ್ನು ಊರಿನ ಮಾನದ ಪ್ರಶ್ನೆ ಮಾಡಿದ್ದ. ಹನ್ನೆರಡು ಅಡಿಯ ಫ್ಲೆಕ್ಸ್ ಮಾಡಿಸಿದ. "ಕಡೂರಿನ ಅಸಲಿ ಹುಡುಗಿ, ಇಟಲಿಯ ಅಸಲಿ ಸೈಕಲ್" ಎಂದು ದೊಡ್ಡಕ್ಷರ. ಅದರ ಕೆಳಗೆ ಕೈಮುಗಿದು ನಿಂತ ಹದಿನಾಲ್ಕು ವರ್ತಕರ ಫೋಟೋ. ಸುಮಯ್ಯಳದ್ದು ಎಲ್ಲಿದೆ ಎಂದು ಹುಡುಕಿದರೆ ಎಡಗಡೆ ಮೂಲೆಯಲ್ಲಿ, ಅಂಚೆಚೀಟಿಯಷ್ಟು ಜಾಗದಲ್ಲಿ ಸಿಕ್ಕಿತು.

ಶನಿವಾರ ಎಮ್ಮೆದೊಡ್ಡಿಯ ಈರಭದ್ರಪ್ಪ ಮಂಡಿಗೆ ಕಾಯಿ ತಂದರು. ಎಪ್ಪತ್ತೈದು ದಾಟಿದ ಮುದುಕ. ಕಾವಲಿನ ಅಮೃತಮಹಲ್ ದನಗಳ ನಡುವೆ ಬೆಳೆದವರು, ದೂರದಿಂದ ಬರುವ ಹೋರಿಯ ನಡಿಗೆ ನೋಡಿ ಅದು ಅಪ್ಪಟವೋ ಬೆರಕೆಯೋ ಹೇಳಬಲ್ಲವರು. ಅದಕ್ಕಿಂತ ಮುಖ್ಯವಾಗಿ, ಭವ್ಯ ಮೇಡಂ ಈ ಮುದುಕರ ಮಗನ ಮಗಳು. ಅಜ್ಜ "ಅಸಲಿ" ಎಂದರೆ ಮೊಮ್ಮಗಳು ಎದುರು ಮಾತಾಡುವುದುಂಟೆ? ಸಾಹೇಬರ ತಲೆ ಹೀಗೆ ಓಡಿತು.

"ನಂಗೆ ಸೈಕಲ್ ಏನು ತಿಳೀತದೆ ಸಾಹೇಬ? ದನ ಕಾದೋನು ನಾನು" ಎಂದರು ಈರಭದ್ರಪ್ಪ.

"ತಳಿ ನೋಡೋದು ಎಲ್ಲಾ ಒಂದೇ ಅಲ್ವಾ ಗೌಡ್ರೆ?"

"ಅದೂ ದಿಟವೇ. ನಾಳೆ ಬತ್ತೀನಿ. ನಡಿಗೆ ನೋಡಾನ."

ಭಾನುವಾರ ಬೆಳಿಗ್ಗೆ ಅಜ್ಜಂಪುರದಲ್ಲಿ ಕಡೂರು ಮಂಡಿಯೇ ಇಳಿದಿತ್ತು. ಓಟ ಅಲ್ಲಿಂದ ಶಿವನಿಯವರೆಗೆ ಹೋಗಿ ವಾಪಸ್, ಹೀಗೆ ಎರಡು ಸುತ್ತು. ಹೊರಡುವ ಜಾಗದ ಪಕ್ಕದಲ್ಲೇ, ಕೆರೆ ಏರಿಯ ಹತ್ತಿರ, ಒಂದು ಕಡಿದಾದ ಇಳಿಜಾರು. ಹನ್ನೆರಡು ಹುಡುಗಿಯರು ಸೈಕಲ್ ಹಿಡಿದು ನಿಂತಿದ್ದರು. ಫ್ಲೆಕ್ಸ್ ಗಾಳಿಗೆ ಪಟಪಟ ಅನ್ನುತ್ತಿತ್ತು. ಕೂಲಿಂಗ್ ಗ್ಲಾಸಿನ ಮಹಾಶಯರು ಈ ವರ್ಷವೂ ಬಂದಿದ್ದರು. ಕಪ್ಪು ಸೈಕಲ್ಲನ್ನು ಕಂಡು ಅವರ ಹುಬ್ಬು ಗ್ಲಾಸಿನ ಮೇಲಕ್ಕೆ ಏರಿತು.

"ಓಹೋ, ಟೊರ್ವಿನೋ! ಏನ್ಸಾರ್, ಭಾರೀ ಖರ್ಚು ಮಾಡಿದೀರಿ!" ಎಂದು ಸಾಹೇಬರ ಕೈ ಕುಲುಕಿದರು.

ಒಂದು ವರ್ಷದಿಂದ ಗಂಟಲಲ್ಲಿದ್ದ "ಪಾಪ" ಆ ಗಳಿಗೆಯಲ್ಲಿ ಕರಗಿ ಹೊಟ್ಟೆಗೆ ಇಳಿಯಿತು. ಸಾಹೇಬರಿಗೆ ಆದ ಸುಖವನ್ನು ಹೇಳತೀರದು. ಅದೇ ಸುಖದಲ್ಲಿ ಭವ್ಯ ಮೇಡಂ ಚಾಚಿದ ಫಾರಂ ತೆಗೆದುಕೊಂಡು ಪೆನ್ನಿನ ಮುಚ್ಚಳ ತೆಗೆದರು.

ಈರಭದ್ರಪ್ಪ ಅಷ್ಟರಲ್ಲಿ ಕೋಲೂರಿಕೊಂಡು ಸೈಕಲ್ಲಿನ ಸುತ್ತ ಮೂರು ಸಲ ಬಂದಿದ್ದರು. ಹ್ಯಾಂಡಲನ್ನು ಕೊಂಬು ಹಿಡಿದಂತೆ ಹಿಡಿದು ಅಲ್ಲಾಡಿಸಿದರು. ಹಿಂಚಕ್ರದ ಹತ್ತಿರ ಕೂತು ಏನೋ ನೋಡಿದರು.

"ಸಾಹೇಬ, ನೀನು ಎಲ್ಲಿ ಬಡುದು ನೋಡ್ದೆ?"

"ಇಲ್ಲಿ. ಬೆನ್ನಿನ ಮಧ್ಯಕ್ಕೆ. ಒಂದೇ ಏಟು."

"ಒಂದೇ ಕಡೀಕಾ?" ಮುದುಕ ನಕ್ಕ. "ಕಾಯಿ ಮರದಾಗೆ ಇಡಿಯಾಗಿ ಬೆಳೀತದೆ, ಒಂದ್ಕಡೆ ಬಡುದ್ರೆ ಸಾಕು. ಇದು ಯಾರೋ ತುಂಡು ತುಂಡು ತಂದು ಕೂಡ್ಸಿರೋದಲ್ವಾ? ಎತ್ತು ತಗೊಳ್ಳೋವಾಗ ನಾವು ಬೆನ್ನು ಸವರಿ ಬಂದುಬುಡ್ತೀವಾ? ಕೀಲು ಕೀಲೂ ಮುಟ್ಟಿ ನೋಡ್ತೀವಿ. ನೊಗ ಬೀಳೋದು ಕತ್ತಿನ ಮ್ಯಾಲೆ ಕಣಪ್ಪಾ, ಬೆನ್ನಿನ ಮ್ಯಾಲಲ್ಲ."

ಸಾಹೇಬರ ಪೆನ್ನು ನಿಂತಿತು. ಫಾರಂನಲ್ಲಿ "ಖುದ್ದಾಗಿ" ಎಂಬ ಪದ ಕಣ್ಣಿಗೆ ಬಿತ್ತು. ಕಾಗದವನ್ನು ಬಿಲಾಲನ ಕೈಗಿತ್ತು, ಬಗ್ಗಿ, ಸೀಟಿನ ಕೆಳಗೆ ಬಡಿದರು. ಟಣ್. ಪೆಡಲ್ ಮೇಲೆ ಬಡಿದರು. ಟಣ್. ಹಿಂದಿನ ಎರಡು ಸಣ್ಣ ಕೊಳವೆಗಳಿಗೂ ಬಡಿದರು. ಟಿಣ್, ಟಿಣ್. ಮಂಡಿಯವರು ಚಪ್ಪಾಳೆ ತಟ್ಟಿದರು. ಕೊನೆಗೆ ಹ್ಯಾಂಡಲ್ ಕೆಳಗೆ, ಎರಡು ಕೊಳವೆಗಳು ಬಂದು ಸೇರುವ ಕತ್ತಿಗೆ ಬಡಿದರು.

ಬೊದ್.

ಇನ್ನೊಮ್ಮೆ ಬಡಿದರು. ಬೊದ್.

ಆ ಸದ್ದನ್ನು ಸಾಹೇಬರು ಮೂವತ್ತು ವರ್ಷ ಕೇಳಿದ್ದರು. ಅದರಲ್ಲಿ ಅನುಮಾನಕ್ಕೆ ಜಾಗವೇ ಇರಲಿಲ್ಲ. ಮೇಲೆ ಸಿಪ್ಪೆ ಚೆನ್ನಾಗಿದ್ದು ಒಳಗೆ ಕೊಳೆತ ಕಾಯಿ ಹೀಗೇ ಮಾತಾಡುತ್ತದೆ. ತಲೆ ಎತ್ತಿ ನೋಡಿದರು. ಚೌಡಪ್ಪ ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದ. ಕೂಲಿಂಗ್ ಗ್ಲಾಸು ಗೌರವದಿಂದ ಕಾಯುತ್ತಿತ್ತು. ಫ್ಲೆಕ್ಸಿನಲ್ಲಿ ಹದಿನಾಲ್ಕು ಜನ ಕೈ ಮುಗಿದಿದ್ದರು. ಆಚೆ ಸುಮಯ್ಯ ಗಲ್ಲ ಎತ್ತಿ ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಳ್ಳುತ್ತಿದ್ದಳು. ಅವಳ ತೆಳ್ಳನೆಯ ಕತ್ತು ಕಾಣುತ್ತಿತ್ತು. ಸಾಹೇಬರಿಗೆ ಹೆದರಿಕೆಯಾಯಿತು. ಇಂಥ ಹೆದರಿಕೆ ಹುಟ್ಟಿದಾಗಿನಿಂದ ಆಗಿರಲಿಲ್ಲ.

ಎದ್ದು ನಿಂತು, ಮಂಡಿಯಲ್ಲಿ ಹರಾಜಿನ ಹೊತ್ತಿಗೆ ಕೂಗುವ ಪೂರ್ತಿ ದನಿಯಲ್ಲಿ ಕೂಗಿದರು:

"ಎಣ್ಣೆಗೆ!"

ಅಜ್ಜಂಪುರದವರಿಗೆ ಅರ್ಥವಾಗಲಿಲ್ಲ. ಕಡೂರಿನವರಿಗೆಲ್ಲ ಅರ್ಥವಾಯಿತು. ಫ್ಲೆಕ್ಸಿನ ಒಂದು ತುದಿ ಹಿಡಿದಿದ್ದವನು ಅದನ್ನು ಕೈಬಿಟ್ಟ, ಏಳು ಜನ ವರ್ತಕರು ನೆಲಕ್ಕೆ ಬಿದ್ದರು.

ಭವ್ಯ ಮೇಡಂ ಕಾಲೇಜಿನ ವ್ಯಾನಿನಿಂದ ಹಳೇ ಸೈಕಲ್ ಇಳಿಸಿದರು. ಅದಕ್ಕೆ ಗಾಳಿ ತುಂಬಿ, ಚೈನಿಗೆ ಎಣ್ಣೆ ಬಿಟ್ಟು, ನಂಬರ್ ಚೀಟಿಯನ್ನೂ ಅಂಟಿಸಿ ತಂದಿದ್ದರು. ಸಾಹೇಬರು ಅದನ್ನೂ ಬಿಡಲಿಲ್ಲ. ಮಂಡಿಯೂರಿ ಕೂತು, ಒಂದೊಂದು ಕೀಲಿಗೂ ಬಡಿದು, ಕಿವಿಗೊಟ್ಟು ಕೇಳಿದರು. ಹತ್ತೊಂಬತ್ತು ಏಟು. ತೀರ್ಪುಗಾರರು ಎರಡು ಸಲ ಸೀಟಿ ಊದಿದರು, ಓಟ ಏಳು ನಿಮಿಷ ತಡವಾಯಿತು. ಹತ್ತೊಂಬತ್ತೂ ಟಣ್ ಎಂದ ಮೇಲೆಯೇ ಅವರು ಫಾರಂಗೆ ಸಹಿ ಹಾಕಿದ್ದು.

"ಯಾರಾದ್ರೂ ಪಾಪ ಅಂದ್ರೆ ಅನ್ಲಿ ಬೇಟಾ" ಎಂದರು ಸಾಹೇಬರು. "ನೀನು ತುಳಿ."

"ನನಗೆ ಯಾವತ್ತೂ ಬೇಜಾರಾಗಿರ್ಲಿಲ್ಲ ಅಬ್ಬಾ, ನಿಮಗೇ ಆಗಿದ್ದು" ಎಂದು ಸುಮಯ್ಯ ಸೈಕಲ್ ಹತ್ತಿದಳು. ಸೀಟಿ ಮೊಳಗಿತು, ಹನ್ನೆರಡು ಜನರೂ ಶಿವನಿ ಕಡೆಗೆ ಹೊರಟುಹೋದರು.

ಕತೆ ಇಲ್ಲಿಗೆ ಮುಗಿದಿದ್ದರೆ ಸಾಹೇಬರಿಗೂ ಕ್ಷೇಮ, ನಮಗೂ ಕ್ಷೇಮ. ಆದರೆ ಚೌಡಪ್ಪನಿಗೆ ಫ್ಲೆಕ್ಸಿನ ಸಂಕಟ.

"ಒಂದು ವಾರದಿಂದ ಅಸಲಿ ಅಂದ್ರಿ. ಈಗ ಎಣ್ಣೆಗೆ ಅಂತೀರಿ. ಕಿವಿ ಹೋಯ್ತೇನ್ರೀ ಸಾಹೇಬ್ರೆ? ನಾಳೆಯಿಂದ ನಮ್ ಕಾಯಿ ಗತಿ ಏನು?"

ಸುದ್ದಿ ತಿಳಿದು ಹೊನ್ನೇಶನೂ ಅಂಗಡಿಯಿಂದ ಓಡಿಬಂದ. ಸಾಹೇಬರ ಮೊಪೆಡ್ಡಿನಲ್ಲೇ ಬಂದ. "ದೇವ್ರಾಣೆ ಅಸಲಿ ಸಾಹೇಬ್ರೆ! ಬಂಡೆ ಥರ ಐತೆ!"

"ಹಾಗಾದ್ರೆ ನೀನೇ ಹತ್ತು" ಎಂದರು ಸಾಹೇಬರು. "ಆ ಇಳಿಜಾರಲ್ಲಿ ಬಿಡು. ಕೆಳಗೆ ಹೋಗಿ ಬ್ರೇಕ್ ಹಿಡಿ."

ಹೊನ್ನೇಶ ಇಳಿಜಾರನ್ನು ನೋಡಿದ, ಸೈಕಲ್ಲನ್ನು ನೋಡಿದ. "ನಂಗೆ ಸೊಂಟ ನೋವು" ಎಂದ.

"ಸೊಂಟ ನೋವು ಯಾರಿಗೂ ಬರಬಹುದು, ಅದು ಸಾಕ್ಷಿ ಅಲ್ಲ" ಎಂದು ರೇವಣಪ್ಪ ಕಾನೂನು ಎತ್ತಿದರು. "ಲಿಖಿತ ರುಜುವಾತು ಬೇಕು."

ಸಾಹೇಬರ ಹಠ ಈಗ ತಿರುಗಿ ನಿಂತಿತು. ಒಂದು ವಾರ ಅದೇ ಸೈಕಲ್ಲನ್ನು ಅಸಲಿ ಎಂದು ಸಾಧಿಸಲು ಊರೂರು ಅಲೆದವರು, ಅದಕ್ಕಿಂತ ಇಮ್ಮಡಿ ಛಲದಿಂದ ಅದನ್ನು ನಕಲಿ ಎಂದು ಸಾಧಿಸಲು ಹೊರಟರು. ಪಂಚೆ ಎತ್ತಿ ಕಟ್ಟಿದರು. ಭವ್ಯ ಮೇಡಂ "ಸರ್, ಬೇಡ! ಹುಚ್ಚಾ ನಿಮಗೆ!" ಎಂದು ಕೂಗುತ್ತ ಓಡಿಬಂದು, ತಡೆಯಲಾಗದೆ, ಅವರ ಬಿಳಿ ಟೋಪಿಯ ಮೇಲೆಯೇ ಒಂದು ಹೆಲ್ಮೆಟ್ ತುರುಕಿದರು. "ಬಿಲಾಲ್, ಹಿಂದಿನಿಂದ ತಳ್ಳಪ್ಪ" ಎಂದರು ಸಾಹೇಬರು. ಅಳಿಯ "ಹೌದು ಮಾಮು" ಎಂದು ತಳ್ಳಿದ.

ಎಂಬತ್ತೆರಡು ಕೆ.ಜಿ. ತೂಕದ ಸಾಹೇಬರು ಎರಡೂ ಕಾಲನ್ನು ನೆಲಕ್ಕೆ ಉಜ್ಜುತ್ತ ಎತ್ತಿನ ಗಾಡಿಗಿಂತ ಸ್ವಲ್ಪ ಜೋರಾಗಿ ಕೆಳಗಿಳಿದರು. ಕೆಳಗೆ ಒಂದು ಹಂಪ್ ಇತ್ತು, ಅದರ ಪಕ್ಕದಲ್ಲಿ ಯಾರೋ ಸುರಿದಿದ್ದ ತೆಂಗಿನ ಸಿಪ್ಪೆಯ ರಾಶಿ. ಹಂಪ್ ಹತ್ತಿರ ಸಾಹೇಬರು ಬ್ರೇಕ್ ಹಿಡಿದರು. "ಕಟ್" ಎಂದದ್ದು ಮೇಲೆ ನಿಂತವರಿಗೂ ಕೇಳಿಸಿತು. ಮುಂದಿನ ಚಕ್ರ ತನ್ನ ಪಾಡಿಗೆ ಶಿವನಿ ಕಡೆ ಉರುಳಿತು. ಮಿಕ್ಕ ಇಟಲಿ ಅಲ್ಲೇ ನಿಂತಿತು. ಸಾಹೇಬರು ಎರಡನ್ನೂ ಬಿಟ್ಟು ಗಾಳಿಯಲ್ಲಿ ಹೋಗಿ ಸಿಪ್ಪೆಯ ರಾಶಿಯಲ್ಲಿ ಮುಳುಗಿದರು.

ಜನ ಓಡಿದರು. ರಾಶಿಯೊಳಗಿಂದ ಮೊದಲು ಒಂದು ಕೈ ಬಂತು, ಅದರಲ್ಲಿ ಮುರಿದ ಹ್ಯಾಂಡಲ್ ಇತ್ತು. ಆಮೇಲೆ ಹೆಲ್ಮೆಟ್ ಬಂತು. ಕೊನೆಗೆ ಗಡ್ಡದ ತುಂಬ ನಾರು ತುಂಬಿಕೊಂಡ, ಗೆಲುವಿನಿಂದ ಬೆಳಗುತ್ತಿದ್ದ ಮುಖ ಬಂತು.

"ಹೇಳ್ಲಿಲ್ವಾ! ಎಣ್ಣೆಗೆ ಅಂತ ಹೇಳ್ಲಿಲ್ವಾ! ಚೌಡಪ್ಪಾ, ವಿಡಿಯೋ ಬಂತಾ?"

ಅದೇ ಹೊತ್ತಿಗೆ ಮೊದಲ ಸುತ್ತು ಮುಗಿಸಿದ ಹುಡುಗಿಯರು ಮಿಂಚಿನಂತೆ ಬಂದರು. ಐದನೆಯವಳು ಸುಮಯ್ಯ. ರಾಶಿಯಲ್ಲಿ ನಿಂತ ಅಪ್ಪನನ್ನು ನೋಡಿ "ಅಬ್ಬಾ!" ಎಂದು ಬ್ರೇಕಿಗೆ ಕೈ ಹಾಕಿದಳು.

"ನಿಲ್ಲಬೇಡ! ತುಳಿ! ನಿಲ್ಲಿಸಿದ್ರೆ ಮನೆಗೆ ಬರಬೇಡ!" ಎಂದು ಸಾಹೇಬರು ಹ್ಯಾಂಡಲ್ ಬೀಸಿ ಅರಚಿದ ಅರಚಾಟಕ್ಕೆ ಸುಮಯ್ಯ ಮಾತ್ರವಲ್ಲ, ಮುಂದಿದ್ದ ನಾಲ್ವರೂ ಹೆದರಿ ಜೋರಾಗಿ ತುಳಿದರು.

ಸಂಜೆ ಅಜ್ಜಂಪುರದ ಆಸ್ಪತ್ರೆಯ ಮಂಚದ ಮೇಲೆ ಸಾಹೇಬರು ಬಲಗೈಗೆ ಪಟ್ಟಿ ಹಾಕಿಸಿಕೊಂಡು ಕೂತಿದ್ದರು. ಮಣಿಕಟ್ಟು ಬಿರುಕು ಬಿಟ್ಟಿತ್ತು. ಉಂಗುರವನ್ನು ಎಡಗೈಗೆ ಹಾಕಿಕೊಂಡಿದ್ದರು. ಶಪಥದ ಪ್ರಕಾರ ಅದನ್ನು ಬಿಚ್ಚಿಡಬೇಕೋ ಬೇಡವೋ ಎಂದು ರೇವಣಪ್ಪನೂ ಚೌಡಪ್ಪನೂ ಹೊರಗೆ ವಾದ ಮಾಡುತ್ತಿದ್ದರು. ಮೊಪೆಡ್ ಕಾಂಪೌಂಡಿನಲ್ಲಿ ನಿಂತಿತ್ತು. ಹೊನ್ನೇಶ ಅದನ್ನು ತಾನಾಗಿ ತಂದು ಬಿಟ್ಟು, ಸೊಂಟ ನೋವನ್ನೂ ಮರೆತು ಓಡಿಹೋಗಿದ್ದ.

ಸುಮಯ್ಯ ನಾಲ್ಕನೆಯವಳಾಗಿ ಆಯ್ಕೆಯಾಗಿದ್ದಳು. ಅಪ್ಪನ ಪಕ್ಕ ಕೂತು, ನೀರು ಕುಡಿದು, ಸುಮ್ಮನೆ ಮಾತಿಗೆ ಎಂಬಂತೆ ಹೇಳಿದಳು: "ಅಬ್ಬಾ, ಕೊನೇ ಸುತ್ತಲ್ಲಿ ಆ ಇಳಿಜಾರಿನಲ್ಲಿ ನಾನು ಐವತ್ತರ ಸ್ಪೀಡಲ್ಲಿದ್ದೆ."

ಸಾಹೇಬರ ಮುಖದ ಗೆಲುವು ಇಳಿಯಿತು. ಅವರು ಇಳಿದದ್ದು ಎತ್ತಿನ ಗಾಡಿಯ ವೇಗದಲ್ಲಿ. ಕೆಳಗೆ ಸಿಪ್ಪೆಯ ರಾಶಿ ಇತ್ತು. ಅವಳಿಗೆ ಡಾಂಬರು ಇರುತ್ತಿತ್ತು. ಎಡಗೈಯಲ್ಲಿ ಮಗಳ ತಲೆಯನ್ನು ಹಿಡಿದು ಎದೆಗೆ ಒತ್ತಿಕೊಂಡರು. ಕಣ್ಣಲ್ಲಿ ನೀರು ಬಂತು, ಅದನ್ನು ಒರೆಸಲು ಯಾವ ಕೈಯೂ ಖಾಲಿ ಇರಲಿಲ್ಲ.

"ಒಂದೇ ಕಡೆ ಬಡಿದು ಬಿಟ್ಟೆ ಬೇಟಾ. ಎಲ್ಲಾ ಕಡೆ ಬಡೀಬೇಕಿತ್ತು. ಇನ್ಮೇಲೆ ಯಾವುದನ್ನೂ ಒಂದೇ ಕಡೆ ಬಡಿದು ನಂಬಲ್ಲ."

ಖುರ್ಷಿದ್ ಬೇಗಂ ಗಂಜಿಯ ಡಬ್ಬಿ ತೆಗೆಯುತ್ತಿದ್ದವರು ಕೈ ನಿಲ್ಲಿಸಿದರು. ಏನೋ ನೆನಪಾದಂತೆ ತಲೆ ಎತ್ತಿ, ಬಾಗಿಲ ಹತ್ತಿರ ನಿಂತಿದ್ದ ಅಳಿಯನನ್ನು ನೋಡಿದರು.

"ಯಾಕೆ, ಇವನಿಗೂ ಆವತ್ತು ಬೆನ್ನಿಗೆ ಒಂದೇ ಏಟಲ್ವಾ ಹಾಕಿದ್ದು?"

ಸಾಹೇಬರು ನಿಧಾನಕ್ಕೆ ಕಣ್ಣು ತಿರುಗಿಸಿದರು. ಸುಮಯ್ಯಳೂ ತಿರುಗಿದಳು. ಬಿಲಾಲ್ ಒಂದು ಹೆಜ್ಜೆ ಹಿಂದಕ್ಕೆ ಇಟ್ಟು ಗೋಡೆಗೆ ಒರಗಿದ.

"ಬಿಲಾಲ್," ಎಂದರು ಸಾಹೇಬರು, ಎಡಗೈಯ ಉಂಗುರವನ್ನು ಸರಿಮಾಡಿಕೊಳ್ಳುತ್ತ, "ಇಲ್ಲಿ ಬಾರಪ್ಪ. ಸ್ವಲ್ಪ ತಲೆ ಬಗ್ಗಿಸು."

ನಾಲ್ಕು ವರ್ಷದಲ್ಲಿ ಮೊದಲ ಸಲ ಬಿಲಾಲ್ ಬಾಯಿ ಬಿಟ್ಟು, "ಇಲ್ಲ ಮಾಮು" ಎಂದ.